ಕೇಕ್ ತೀರ್ಪು ಹೇಳಿದ್ದೇನು, ಹೇಳದೇ ಇದ್ದದ್ದೇನು

ಸಲಿಂಗಿ ಜೋಡಿಯ ಮದುವೆಗೆ ಯಾವ ಅಂಗಡಿಯವರು ಬೇಕಾದರೂ ‘ಆಗಲ್ಲ’ ಅನ್ನಬಹುದು, ಅಮೆರಿಕದ ಸುಪ್ರೀಂ ಕೋರ್ಟೇ ಹೇಳಿದೆ ಅನ್ನೋ ಸಂದೇಶ ಆಗಾಗ ವಾಟ್ಸಾಪ್‌ಗೆ ಬರುತ್ತದೆ. ಇದು ನಿಜವಲ್ಲ.

ಅಮೆರಿಕದ ಕೊಲೊರಾಡೊ ರಾಜ್ಯದ ಬೇಕರಿಯವರೊಬ್ಬರು ಸಲಿಂಗಿ ಜೋಡಿಗೆ ಮದುವೆ ಕೇಕ್ ಮಾಡಿಕೊಡಲ್ಲ ಅಂದಿದ್ದರು. 2018ರಲ್ಲಿ ಆ ಪ್ರಕರಣದಲ್ಲಿ ಅವರು 7-2 ನ್ಯಾಯಮೂರ್ತಿಗಳ ಬಹುಮತದಲ್ಲಿ ಗೆದ್ದದ್ದು ಹೌದು. ಆದರೆ ಕಾರಣ ಬೇರೆ. ದೂರು ವಿಚಾರಿಸಿದ ರಾಜ್ಯದ ಆಯೋಗ ಅವರ ಧಾರ್ಮಿಕ ನಂಬಿಕೆಯನ್ನು ಹಗುರವಾಗಿ ಕಂಡಿತು, ನಿಷ್ಪಕ್ಷವಾಗಿರಲಿಲ್ಲ ಅಂತ. ಮದುವೆ ಕೇಕ್ ನಿರಾಕರಿಸುವ ಹಕ್ಕಿದೆಯಾ ಅನ್ನೋ ದೊಡ್ಡ ಪ್ರಶ್ನೆಯನ್ನು ಕೋರ್ಟ್ ತೀರ್ಮಾನಿಸಲೇ ಇಲ್ಲ. 2023ರಲ್ಲಿ ಬಂದದ್ದು ಸಲಿಂಗಿ ಮದುವೆಗೆ ವೆಬ್‌ಸೈಟ್ ಮಾಡಿಕೊಡಲು ಒಪ್ಪದ ಕೊಲೊರಾಡೊದ ವಿನ್ಯಾಸಕಿಯೊಬ್ಬರ ಪ್ರಕರಣ. ಒಪ್ಪದ ಮಾತನ್ನು ಸ್ವಂತ ಸೃಷ್ಟಿಯಲ್ಲಿ ಹೇಳಿ ಅಂತ ಸರ್ಕಾರ ಒತ್ತಾಯಿಸುವಂತಿಲ್ಲ ಎಂದಿತು ಕೋರ್ಟ್, 6-3ರಲ್ಲಿ. ಕುರ್ಚಿ ಬಾಡಿಗೆ ಕೊಡುವವರಿಗೆ, ಹೋಟೆಲ್ ರೂಮಿನವರಿಗೆ ಅದು ‘ಆಗಲ್ಲ’ ಅನ್ನೋಕೆ ಕೊಟ್ಟ ಪರವಾನಗಿ ಅಲ್ಲ. ಕೊಲೊರಾಡೊದ ತಾರತಮ್ಯ ತಡೆ ಕಾನೂನು ರದ್ದಾಗಿಲ್ಲ. ಇಂಥ ಕಾನೂನು ಅಮೆರಿಕದ ಕೆಲವು ರಾಜ್ಯಗಳಲ್ಲಿ ಇಲ್ಲ ಅನ್ನೋದು ಮಾತ್ರ ನಿಜ. ನನಗೆ ಜಾಸ್ತಿ ಬೇಸರ ಅದರದ್ದೇ.

ಕಳಿಸುವವರು ಸಾಮಾನ್ಯವಾಗಿ ನಂಬಿಯೇ ಕಳಿಸಿರುತ್ತಾರೆ, ಸುಮ್ನೆ ಜಗಳ ಬೇಡ. ಸಂದೇಶದಲ್ಲಿ ವರ್ಷ, ಪ್ರಕರಣದ ಹೆಸರು ಇದೆಯಾ ನೋಡಿ. ತೀರ್ಪುಗಳು ಕೋರ್ಟಿನ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ, ಶುರುವಿನಲ್ಲೇ ಸಾರಾಂಶ ಇರುತ್ತದೆ. ‘ಯಾವ ಅಂಗಡಿಯಾದರೂ’ ಅನ್ನೋ ಮಾತು ಅಲ್ಲಿದೆಯಾ ಹುಡುಕಿ. ಅಮೆರಿಕದಲ್ಲಿ ಮದುವೆ ತಯಾರಿ ನಡೆಸುತ್ತಿರುವವರು ತಮ್ಮ ರಾಜ್ಯದ, ಊರಿನ ಕಾನೂನನ್ನೂ ಓದಿಕೊಳ್ಳಲಿ.