ಮೇ ಇಪ್ಪತ್ತರ ಮಹಾತ್ಮೆ

ಬೆಳಗಿನ ಐದೂವರೆಗೆ ಮೊಬೈಲ್ ಗುಂಯ್ ಎಂದಿತು. ಜೇನು ಬಂದಿತೇನೋ ಎಂದು ಬೆಚ್ಚಿ ಎದ್ದೆ. ನಿಜವಾಗಿಯೂ ಜೇನೇ ಬಂದಿತ್ತು, ಚಿತ್ರದ ರೂಪದಲ್ಲಿ. ಹಳದಿ ಹೂವು, ಅದರ ಮೇಲೊಂದು ಜೇನು, ಕೆಳಗೆ ‘ವಿಶ್ವ ಜೇನುನೊಣ ದಿನದ ಹಾರ್ದಿಕ ಶುಭಾಶಯಗಳು’, ಅದಕ್ಕೂ ಕೆಳಗೆ ಜೇನಿನ ನಾಲ್ಕರಷ್ಟು ದೊಡ್ಡದಾಗಿ ನಮ್ಮ ವಾರ್ಡಿನ ಭಾವೀ ಅಭ್ಯರ್ಥಿಯ ಕೈಮುಗಿದ ಭಾವಚಿತ್ರ.

ಗೋಲಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದೆ ಎಂದು ವಿಜಯಪುರಕ್ಕೆ ಬಂದ ನೆಂಟರಿಗೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅದೇನು ಮಹಾ? ಈ ಜೇನು ಸ್ನಾನಕ್ಕೆ ಮೊದಲೇ ಹನ್ನೊಂದು ಗುಂಪುಗಳಲ್ಲಿ ಪ್ರತಿಧ್ವನಿಸಿತು.

ಮೇ 20 ಸಾಮಾನ್ಯ ದಿನವಲ್ಲ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು ಇದೇ ದಿನ. ಬಂದವನನ್ನು ಕಳಿಸಲು ಎಷ್ಟು ವರ್ಷ ಹಿಡಿಯಿತು ಎಂಬುದು ಬೇರೆ ಮಾತು. 1873ರ ಇದೇ ದಿನ ಅಮೆರಿಕದಲ್ಲಿ ಲೆವಿ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ ಎಂಬ ದರ್ಜಿಗೆ, ಜೇಬು ಹರಿಯದಂತೆ ರಿವೆಟ್ ಬಡಿದ ಪ್ಯಾಂಟಿಗಾಗಿ ಪೇಟೆಂಟ್ ಸಿಕ್ಕಿತು. ಅದರ ಪುಣ್ಯದಿಂದ ನಮ್ಮ ಪಕ್ಕದ ಮನೆಯ ಹುಡುಗ, ಬಿಸಿಲು ನಲವತ್ತು ದಾಟಿದ ಮಧ್ಯಾಹ್ನ, ಬಿಗಿಯಾದ ಜೀನ್ಸಿನೊಳಗೆ ಬೇಯುತ್ತ ಸ್ಟೇಷನ್ ರಸ್ತೆಯಲ್ಲಿ ತಿರುಗುತ್ತಾನೆ. ಧೋತರ ಉಟ್ಟ ಅವನ ಅಜ್ಜ ಬೇವಿನ ಕೆಳಗೆ ಗಾಳಿ ತೆಗೆದುಕೊಳ್ಳುತ್ತಾರೆ. ಅಜ್ಜನ ಬಳಿ ಪೇಟೆಂಟ್ ಇಲ್ಲ.

ಜೇನಿನ ಕಥೆಗೆ ಬರೋಣ. ಸ್ಲೊವೇನಿಯಾದ ಆಂಟನ್ ಯಾನ್ಶಾ ಎಂಬ ಜೇನು ಮೇಷ್ಟ್ರ ನೆನಪಿಗೆ ವಿಶ್ವಸಂಸ್ಥೆ ಈ ದಿನವನ್ನು ಕೊಟ್ಟಿತು, 2018ರಿಂದ ಆಚರಣೆ. ಹದಿನೆಂಟನೆಯ ಶತಮಾನದಲ್ಲಿ ವಿಯೆನ್ನಾದಲ್ಲಿ ಜೇನು ಸಾಕಣೆ ಕಲಿಸಿದವನು ಆತ. ನಮ್ಮಲ್ಲೂ ಒಂದು ಕಚೇರಿಯವರು ದಿನ ಆಚರಿಸಿದರು. ಕಚೇರಿಯ ಸಜ್ಜಾಕ್ಕೆ ಕಟ್ಟಿದ್ದ ಹೆಜ್ಜೇನನ್ನು ಕಳೆದ ತಿಂಗಳಷ್ಟೇ ರಾತ್ರೋರಾತ್ರಿ ಪಂಜು ಹಿಡಿದು ಸುಟ್ಟವರೂ ಇವರೇ. ಈಗ ಜೇನುಪೆಟ್ಟಿಗೆಯ ಮುಂದೆ ದೀಪ ಬೆಳಗಿಸಿದರು. ಬೆಂಕಿ ಕಂಡು ಜೇನು ಹೆದರಲಿಲ್ಲ, ಏಕೆಂದರೆ ಪೆಟ್ಟಿಗೆ ಖಾಲಿ ಇತ್ತು. ಅತಿಥಿಗಳಿಗೆ ಹಂಚಿದ ಬಾಟಲಿಯ ಜೇನುತುಪ್ಪ ಅಂಗಡಿಯದು.

ಇದೇ ದಿನ ವಿಶ್ವ ಮಾಪನ ದಿನವೂ ಹೌದು. ಪಾಪ, ಅದಕ್ಕೆ ಯಾರೂ ಚಿತ್ರ ಮಾಡಿ ಕಳಿಸಲಿಲ್ಲ. 1875ರಲ್ಲಿ ಪ್ಯಾರಿಸ್ಸಿನಲ್ಲಿ 17 ದೇಶಗಳು ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದವು. ಅಲ್ಲಿ ಕಿಲೋಗ್ರಾಮಿಗೆ ಆಧಾರವಾಗಿ ಪ್ಲಾಟಿನಂ-ಇರಿಡಿಯಂ ಲೋಹದ ಸಣ್ಣ ದಿಂಡೊಂದನ್ನು ಗಾಜಿನ ಬುರುಡೆಗಳೊಳಗೆ ಜೋಪಾನ ಮಾಡಿದ್ದರು. ನೂರು ವರ್ಷದಲ್ಲಿ ಅದಕ್ಕೂ ಅದರ ನಕಲುಗಳಿಗೂ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಬಂತಂತೆ. ಜಗತ್ತಿನ ವಿಜ್ಞಾನಿಗಳಿಗೆ ನಿದ್ದೆ ಹೋಯಿತು. ಕೊನೆಗೆ 2019ರ ಮೇ 20ರಿಂದ ದಿಂಡನ್ನೇ ಬಿಟ್ಟು, ಪ್ಲಾಂಕ್ ಸ್ಥಿರಾಂಕ ಎಂಬ, ಪ್ರಕೃತಿಯಲ್ಲಿ ಎಂದೂ ಬದಲಾಗದ ಸಂಖ್ಯೆಯ ಮೇಲೆ ಕಿಲೋಗ್ರಾಮನ್ನು ನಿಲ್ಲಿಸಿದರು.

ನಮ್ಮ ಓಣಿಗೆ ಬರುವ ಟ್ಯಾಂಕರಿನ ಹೊಟ್ಟೆಯ ಮೇಲೆ ‘5000 ಲೀಟರ್’ ಎಂದು ದಪ್ಪಕ್ಷರದಲ್ಲಿ ಬರೆದಿದೆ. ನಮ್ಮ ನೆಲದ ಟಾಕಿ ಹಿಡಿಯುವುದೇ ನಾಲ್ಕು ಸಾವಿರ. ತಳ ಕಾಣುತ್ತಿದ್ದ ಟಾಕಿಗೆ ಟ್ಯಾಂಕರ್ ಪೂರ್ತಿ ಸುರಿದ ಮೇಲೂ ಮೇಲೆ ಎರಡು ಗೇಣು ಖಾಲಿ ಉಳಿಯಿತು. ಪ್ಲಾಂಕ್ ಸಾಹೇಬರು ಇದ್ದಿದ್ದರೆ ಕೇಳಬಹುದಿತ್ತು. ಚಾಲಕನನ್ನು ಕೇಳಿದೆ. ಬಿಸಿಲಿಗೆ ಆವಿಯಾಗಿರಬೇಕು ಎಂದ.

ಸಾಕು, ನನಗೆ ನಗು ಬರುತ್ತಿಲ್ಲ. ಆಲಮಟ್ಟಿ ನಮ್ಮ ಜಿಲ್ಲೆಯಲ್ಲೇ ಇದೆ. ಮೋಟಾರು, ವಿದ್ಯುತ್ತು ಯಾವುದೂ ಇಲ್ಲದ 1651ರಲ್ಲಿ ಮಹಮ್ಮದ್ ಆದಿಲ್‌ಶಾಹ ಬೇಗಂ ತಲಾಬ್ ಎಂಬ ಕೆರೆ ಕಟ್ಟಿಸಿ, ಮಣ್ಣಿನ ಕೊಳವೆಗಳಲ್ಲಿ ನೀರನ್ನು ಊರೊಳಗೆ ತಂದ. ದಾರಿಯಲ್ಲಿ ಒತ್ತಡ ಇಳಿಸಲು ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದರು. ಅವು ಇಂದಿಗೂ ಅಲ್ಲಲ್ಲಿ ನಿಂತಿವೆ, ಹಲವಕ್ಕೆ ಪೋಸ್ಟರ್ ಅಂಟಿಸಿದ್ದಾರೆ. ಆ ಕಾಲಕ್ಕೆ ವಿಶ್ವ ಜಲ ದಿನ ಇರಲಿಲ್ಲ. ನಮಗೆ 1993ರಿಂದ ಪ್ರತಿ ಮಾರ್ಚ್ 22ಕ್ಕೆ ಇದೆ. ಅಂದೂ ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರಿಗೆ ಶುಭಾಶಯ ಬಂದಿತ್ತು, ನೀರು ಬಂದಿರಲಿಲ್ಲ.

ನಾಳೆ, ಮೇ 21, ಅಂತರರಾಷ್ಟ್ರೀಯ ಚಹಾ ದಿನ. ಅದಕ್ಕಾಗಿ ನನ್ನ ಹೆಂಡತಿ ಈಗಲೇ ಒಂದು ತಂಬಿಗೆ ನೀರು ಮುಚ್ಚಿಟ್ಟಿದ್ದಾಳೆ.