ಸ್ಪಷ್ಟನೆ: ಕಲಬುರಗಿಯ ಗುಜರಿಯಲ್ಲಿರುವುದು ರೇಸ್ ಕಾರಿನ ಎಂಜಿನ್ ಅಲ್ಲ

ಕಲಬುರಗಿಯ ಗುಜರಿ ಅಂಗಡಿಯೊಂದರಲ್ಲಿರುವ ಎಂಜಿನ್ನಿನ ಚಿತ್ರದೊಂದಿಗೆ, ಅದು ನಿಜಾಮರ ಕಾಲದ ಆಲ್ಫಾ ರೋಮಿಯೋ 8ಸಿ ರೇಸ್ ಕಾರಿನ ಸೂಪರ್‌ಚಾರ್ಜ್ಡ್ (ಹೆಚ್ಚು ಶಕ್ತಿಗಾಗಿ ಗಾಳಿಯನ್ನು ಒತ್ತಿ ತುಂಬುವ) ಎಂಜಿನ್, ಕೋಟಿಗಟ್ಟಲೆ ಬೆಲೆಬಾಳುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಅಂಗಡಿಯವರ ಅನುಮತಿಯಿಂದ ಎಂಜಿನ್ನಿನ ಮೇಲಿನ ಫಲಕದ ಜಿಡ್ಡು ಒರೆಸಿ ನೋಡಿದಾಗ 6-71 ಎಂಬ ಗುರುತು ಸ್ಪಷ್ಟವಾಗಿ ಕಂಡಿತು. ಅಮೆರಿಕದ ಜನರಲ್ ಮೋಟಾರ್ಸ್ 1938ರಲ್ಲಿ ಆರಂಭಿಸಿದ ಟೂ ಸ್ಟ್ರೋಕ್ ಡೀಸೆಲ್ ಸರಣಿಯ ಎಂಜಿನ್ ಇದು: ಆರು ಸಿಲಿಂಡರ್, ಒಂದೊಂದರ ಸಾಮರ್ಥ್ಯ 71 ಘನ ಇಂಚು. ಗೊಂದಲ ಹುಟ್ಟಿಸಿರುವುದು ಪಕ್ಕದಲ್ಲಿರುವ ಬ್ಲೋವರ್, ಅಂದರೆ ಗಾಳಿ ನುಗ್ಗಿಸುವ ಸಾಧನ; ಅದನ್ನು ರೇಸ್ ಕಾರಿನ ಸೂಪರ್‌ಚಾರ್ಜರ್ ಎಂದು ಭಾವಿಸಲಾಗಿದೆ. ಆದರೆ ಇದರಲ್ಲಿ ಬ್ಲೋವರ್ ಇರುವುದು ರೇಸಿನ ವೇಗಕ್ಕಾಗಿ ಅಲ್ಲ. ಪಿಸ್ಟನ್ ಕೆಳಗಿಳಿದಾಗ ಲೈನರಿನ (ಸಿಲಿಂಡರಿನ ಒಳಗೋಡೆಯ) ಸುತ್ತಲಿನ ರಂಧ್ರಗಳ ಮೂಲಕ ಹೊಸ ಗಾಳಿಯನ್ನು ನುಗ್ಗಿಸಿ ಸುಟ್ಟ ಅನಿಲವನ್ನು ಹೊರದೂಡದಿದ್ದರೆ ಈ ಎಂಜಿನ್ ಓಡುವುದೇ ಇಲ್ಲ. ಆಲ್ಫಾ ರೋಮಿಯೋದ ವಿನ್ಯಾಸಕ ವಿಟ್ಟೋರಿಯೋ ಯಾನೋ ರೂಪಿಸಿದ 8ಸಿ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಅದಕ್ಕೆ ಸ್ಪಾರ್ಕ್ ಪ್ಲಗ್ ಬೇಕೇ ಬೇಕು, ಇಲ್ಲಿರುವುದು ಡೀಸೆಲ್ ಸಿಂಪಡಿಸುವ ಇಂಜೆಕ್ಟರ್. ಇಂಥ ಬ್ಲೋವರ್‌ಗಳನ್ನು ಕಳಚಿ ಅಮೆರಿಕದ ಡ್ರ್ಯಾಗ್ ರೇಸ್ (ನೇರ ದಾರಿಯ ಅಲ್ಪದೂರದ ಓಟ) ಕಾರುಗಳಿಗೆ ಕೂರಿಸಿದ್ದು ನಿಜ, ಆದರೆ ಅದರಿಂದ ಈ ಡೀಸೆಲ್ ಎಂಜಿನ್ ರೇಸಿನದ್ದಾಗುವುದಿಲ್ಲ.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ, ಅದನ್ನು ನಂಬಿ ಯಾರೂ ಮುಂಗಡ ಹಣ ಕೊಡಬೇಡಿ. ಈಗಾಗಲೇ ಕಳಿಸಿದವರು ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನೂ ಹಾಕಬೇಕೆಂದು ವಿನಂತಿ.