ಒಂದು ಸೋಪಿಗೆ ಇಷ್ಟು ದೂರ ನಡೆಯಬೇಕಾ?

ಸಾಲು ಸಾಲು ಚಿಕ್ಕ ಅಂಗಡಿಗಳ ನಡುವೆ ಒಂದು ದೊಡ್ಡ ಸೂಪರ್ ಮಾರ್ಕೆಟ್ ತಲೆಯೆತ್ತಿದೆ. ಸುಳ್ಳು ಯಾಕೆ, ಮೊದಲ ವಾರವೇ ನುಗ್ಗಿದವರಲ್ಲಿ ನಾನೂ ಒಬ್ಬ.

ಬೇಕಾಗಿದ್ದು ಒಂದೇ ಒಂದು ಸೋಪು. ಅದು ಇದ್ದದ್ದು ಕಟ್ಟಕಡೆಯ ಸಾಲಿನಲ್ಲಿ. ದಿನಬಳಕೆಯ ಸಾಮಾನನ್ನು ಬೇಕಂತಲೇ ಒಳಗಡೆ ಇಡುತ್ತಾರೆ. ಅಲ್ಲಿಯವರೆಗೆ ನಡೆಯುವಾಗ ಬೇಡದ ನಾಲ್ಕು ವಸ್ತು ಕೈಗೆ ಅಂಟಿಕೊಳ್ಳಲಿ ಅಂತ. ಅಂಟಿಕೊಂಡವು! ಕೆಲವು ಸಾಮಾನನ್ನು ನಷ್ಟಕ್ಕೇ ಮಾರಿ ಜನರನ್ನು ಒಳಗೆ ಎಳೆಯುತ್ತಾರೆ, ಆ ನಷ್ಟವನ್ನು ಈ ನಾಲ್ಕರಲ್ಲಿ ವಸೂಲಿ ಮಾಡುತ್ತಾರೆ. ಚಿಕ್ಕ ಅಂಗಡಿಯವರು ಹಾಗೆ ಮಾಡಿದರೆ ತಿಂಗಳೊಪ್ಪತ್ತಿನಲ್ಲಿ ಬಾಗಿಲು ಮುಚ್ಚಬೇಕು, ಅಲ್ವಾ?

ಗಿರಾಕಿಯೇ ಸಾಮಾನು ಎತ್ತಿಕೊಳ್ಳುವ ಅಂಗಡಿಯನ್ನು 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ತೆರೆದರು. 1937ರಲ್ಲಿ ಚಕ್ರದ ಟ್ರಾಲಿ ಬಂತು, ಬುಟ್ಟಿ ಭಾರವಾದರೆ ಜನ ಕೊಳ್ಳುವುದು ನಿಲ್ಲಿಸುತ್ತಾರಲ್ಲ. ಈಗ ಬಿಲ್ಲೂ ನಾವೇ ಮಾಡಿಕೊಳ್ಳಬೇಕು. ಬಾರ್‌ಕೋಡ್ ತೋರಿಸಿದೆ, ಮಷಿನ್ ಕುಂಯ್ ಅಂದಿತು. ಕೆಂಪು ದೀಪ. ಹಿಂದೆ ನಿಂತವರೆಲ್ಲ ನನ್ನನ್ನು ಕಳ್ಳನ ಹಾಗೆ ನೋಡಿದರು. ಕೊನೆಗೆ ಒಬ್ಬ ಹುಡುಗ ಬಂದು ಏನೋ ಒತ್ತಿ, ಮುಖ ಕೂಡ ನೋಡದೆ ಹೋದ. ಅದರ ಮೇಲೆ ಫೋನ್ ನಂಬರ್ ಬೇರೆ ಕೊಡಬೇಕಂತೆ. ಸೋಪಿಗೆ ಯಾಕೆ ನನ್ನ ನಂಬರ್?

ವಾಪಸ್ ಬರುವಾಗ ಹಳೆಯ ಅಂಗಡಿಯ ಮುಂದೆ ಚೀಲವನ್ನು ಆಚೆ ಕೈಗೆ ಬದಲಾಯಿಸಿಕೊಂಡೆ. ಅಂಗಡಿಯಾತ ಸುಮ್ನೆ ನಕ್ಕು, "ಒಳಗೆ ಎಸಿ ಚೆನ್ನಾಗಿದೆಯಂತೆ?" ಅಂದ.